ರೋಗಿಯ ಮನೆಗೆ ಹೊರಟ ಆಶಿಪು



ಬ್ಯಾಬಿಲೋನಿನಲ್ಲಿ ವೈದ್ಯರೇ ಇಲ್ಲ, ಅಲ್ಲಿಯ ಜನ ರೋಗಿಗಳನ್ನು ಪೇಟೆಬೀದಿಗೆ ತಂದು ಮಲಗಿಸುತ್ತಾರೆ, ದಾರಿಹೋಕರು ತಮಗೆ ಗೊತ್ತಿದ್ದ ಮದ್ದು ಹೇಳಿ ಹೋಗುತ್ತಾರೆ ಎಂದು ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟ. ಅದು ಸುಳ್ಳೆಂದು ತೋರಿಸಿಕೊಟ್ಟದ್ದು ಮಣ್ಣು. 19ನೆಯ ಶತಮಾನದಲ್ಲಿ ನಿನೆವೆಯ ಹಾಳುದಿಬ್ಬವನ್ನು ಅಗೆದಾಗ ಅಸ್ಸೀರಿಯಾದ ದೊರೆ ಅಶುರ್‌ಬನಿಪಾಲನ ಗ್ರಂಥಭಂಡಾರ ಸಿಕ್ಕಿತು. ಅದರ ಮಣ್ಣಿನ ಫಲಕಗಳಲ್ಲಿ ರೋಗ, ಮದ್ದು, ಮಂತ್ರಗಳ ಬರಹ ನೂರಾರು.

ಬ್ಯಾಬಿಲೋನಿನ ವೈದ್ಯಗ್ರಂಥಗಳಲ್ಲಿ ದೊಡ್ಡದು 'ಸಕಿಕ್ಕು'. ಒಟ್ಟು 40 ಫಲಕ. ಚದುರಿಹೋಗಿದ್ದ ಹಳೆಯ ಪಾಠಗಳನ್ನು ಕೂಡಿಸಿ ಅದಕ್ಕೊಂದು ಕ್ರಮ ಕೊಟ್ಟವನು ಕ್ರಿ.ಪೂ. 11ನೆಯ ಶತಮಾನದಲ್ಲಿದ್ದ ಬೋರ್ಸಿಪ್ಪದ ಪಂಡಿತ ಎಸಗಿಲ್-ಕಿನ್-ಅಪ್ಲಿ. ರೋಗಿಯ ಮನೆಗೆ ಹೊರಟ ಆಶಿಪು, ಅಂದರೆ ಮಂತ್ರ ಬಲ್ಲ ವೈದ್ಯ, ದಾರಿಯಲ್ಲಿ ಏನು ಕಂಡ ಎಂಬುದರಿಂದ ಗ್ರಂಥ ಶುರುವಾಗುತ್ತದೆ. ಕರಿನಾಯಿ ಎದುರಾದರೆ ರೋಗಿ ಉಳಿಯಲಾರ! ಇಷ್ಟು ಓದಿ ಮೂಢನಂಬಿಕೆ ಎಂದು ಮಡಚಿಟ್ಟರೆ ನಷ್ಟ ನಮಗೇ. ಹೊಸಿಲು ದಾಟಿ ಒಳಗೆ ಬಂದ ಮೇಲೆ ಅದೇ ಆಶಿಪು ನೆತ್ತಿಯಿಂದ ಅಂಗಾಲಿನವರೆಗೆ ಮೈಯನ್ನು ಒಂದೊಂದೇ ಅಂಗವಾಗಿ ನೋಡುತ್ತಾನೆ. ಮೈಕಾವು, ಕಣ್ಣಿನ ಬಣ್ಣ, ಬೆವರು, ಮೂತ್ರ, ಯಾವುದನ್ನೂ ಬಿಡುವುದಿಲ್ಲ. ಕೊನೆಗೆ ಇದು ಇಶ್ತಾರ್ ದೇವಿಯ ಕೈ, ಇದು ಪ್ರೇತದ ಕೈ ಎಂದು ಕಾರಣ ಹೇಳುತ್ತಾನೆ.

ಮೂರ್ಛೆರೋಗದ ಫಲಕವನ್ನಂತೂ ನರರೋಗ ತಜ್ಞರು ಇಂದಿಗೂ ಬೆರಗಿನಿಂದ ಓದುತ್ತಾರೆ. ಕೂತಿದ್ದಂತೆಯೇ ಎಡಗಣ್ಣು ಪಕ್ಕಕ್ಕೆ ಹೊರಳುತ್ತದೆ, ತುಟಿ ಸೊಟ್ಟಗಾಗುತ್ತದೆ, ಜೊಲ್ಲು ಸುರಿಯುತ್ತದೆ, ಎಡಭಾಗದ ಕೈಕಾಲು ಕೊಯ್ದ ಕುರಿಯಂತೆ ಅದುರುತ್ತವೆ. ಆ ಹೊತ್ತಿನಲ್ಲಿ ರೋಗಿಗೆ ಎಚ್ಚರವಿದ್ದರೆ ಹಿಡಿದ ಭೂತವನ್ನು ಓಡಿಸಬಹುದು, ಇಲ್ಲದಿದ್ದರೆ ಆಗದು ಎನ್ನುತ್ತದೆ ಫಲಕ. ಭೂತವನ್ನು ನಂಬಿದವನೇ ರೋಗಿಗೆ ಎಚ್ಚರವಿತ್ತೇ ಎಂದೂ ಕೇಳಿದ. ಇಂದಿನ ವೈದ್ಯರೂ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು. ಇಷ್ಟು ತಾಳ್ಮೆಯಿಂದ ರೋಗಿಯ ಪಕ್ಕದಲ್ಲಿ ಕೂತು ನೋಡಿದವರ ಬಗ್ಗೆ ನನಗೆ ಗೌರವ ಮೂಡುತ್ತದೆ.

ಆಶಿಪುವಿನ ಜೊತೆಗೆ ಅಸೂ ಎಂಬ ಇನ್ನೊಬ್ಬ ವೈದ್ಯನೂ ಇದ್ದ. ಬೇರು, ಎಲೆ, ಬೀಜಗಳನ್ನು ಕುಟ್ಟಿ ಬಿಯರಿನಲ್ಲಿ ಕಲಸಿ ಕುಡಿಸುವುದು, ಲೇಪ ಹಚ್ಚಿ ಪಟ್ಟಿ ಕಟ್ಟುವುದು ಅವನ ಕೆಲಸ. ಇಬ್ಬರೂ ಒಂದೇ ರೋಗಿಯ ಬಳಿಗೆ ಹೋಗುವುದಿತ್ತು. ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನ ಕಂಚಿನ ಕತ್ತಿಯಿಂದ ಕುಲೀನನ ಪ್ರಾಣ ಉಳಿಸಿದ ವೈದ್ಯನಿಗೆ 10 ಶೆಕೆಲ್ ಬೆಳ್ಳಿ ಗೊತ್ತುಮಾಡಿತು. ರೋಗಿ ಸತ್ತರೆ ವೈದ್ಯನ ಕೈ ಕತ್ತರಿಸಬೇಕೆಂದಿತು.

ಹಮ್ಮುರಾಬಿಯ ಕಾಲದಲ್ಲೇ ಯೂಫ್ರೆಟಿಸ್ ದಡದ ಮಾರಿ ನಗರವನ್ನು ಆಳಿದವನು ಜಿಮ್ರಿ-ಲಿಮ್. ಅರಮನೆಯ ನನ್ನಮೆ ಎಂಬ ಹೆಂಗಸು ಕಾಯಿಲೆ ಬಿದ್ದ ಸುದ್ದಿ ತಿಳಿದು ಅವನು ರಾಣಿ ಶಿಬ್ತುವಿಗೆ ಪತ್ರ ಬರೆಸಿದ. ನನ್ನಮೆ ಕುಡಿದ ಬಟ್ಟಲಿನಲ್ಲಿ ಯಾರೂ ಕುಡಿಯಬಾರದು, ಅವಳು ಕೂತ ಪೀಠದಲ್ಲಿ ಕೂರಬಾರದು, ಅವಳ ಹಾಸಿಗೆಯಲ್ಲಿ ಮಲಗಬಾರದು. ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬುದೇ ಅವನು ಕೊಟ್ಟ ಕಾರಣ.