ಕಮಾನಿಲ್ಲದ ಪಿಟೀಲು

ಹುಬ್ಬಳ್ಳಿ-ಧಾರವಾಡದ ಕಡೆ ‘ಪೋಲಕ’ ಎಂದರೆ ರವಿಕೆ. ಸಂಗೀತದ ಮಾತಿನಲ್ಲಿ ರವಿಕೆ ಏಕೆ ಬಂತೆಂದು ನಗಬೇಡಿ. ಪೋಲ್ಕಾ 1830ರ ದಶಕದಲ್ಲಿ ಬೊಹೀಮಿಯದಲ್ಲಿ ತಲೆಯೆತ್ತಿದ ಜೋಡಿ ಕುಣಿತ. ಹತ್ತು ಹದಿನೈದು ವರ್ಷಗಳಲ್ಲಿ ಅದು ಯುರೋಪಿಗೇ ಹುಚ್ಚು ಹಿಡಿಸಿತು. ಉಡುಪುಗಳಿಗೂ ಅದರ ಹೆಸರನ್ನಿಟ್ಟು ಮಾರಿದರು.

ಪೋಲ್ಕಾದ ನಡೆ ಎರಡೆಣಿಕೆಯದು. ನಮ್ಮ ಚತುರಶ್ರಕ್ಕೆ ಹತ್ತಿರ. ವಿಯನ್ನಾದವರು ಇದರಲ್ಲೇ ಓಟದ ಪೋಲ್ಕಾ, ನಿಧಾನದ ಫ್ರೆಂಚ್ ಪೋಲ್ಕಾ ಎಂದು ಬಗೆ ಮಾಡಿಕೊಂಡರು. ಹೈದರ್-ಟೀಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ತಂಗಿದ್ದರಿಂದ ನಮ್ಮ ಪಾಂಡವಪುರವೂ ಒಮ್ಮೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿತ್ತಲ್ಲವೆ? ಇಲ್ಲಿಗೆ ಆ ಹೆಸರನ್ನು ತಂದದ್ದು ದಂಡು. ಅಲ್ಲಿಗೆ ತಂದದ್ದು ಪ್ಯಾರಿಸಿನ ಕುಣಿತದ ಷೋಕಿ.

ಈ ಪೋಲ್ಕಾಗಳಲ್ಲಿ ಒಂದನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ: 1869ರ ‘ಪಿಟ್ಸಿಕಾಟೋ ಪೋಲ್ಕಾ’. ಪಿಟ್ಸಿಕಾಟೋ ಎಂದರೆ ಕಮಾನನ್ನು ಬದಿಗಿಟ್ಟು ಪಿಟೀಲಿನ ತಂತಿಯನ್ನು ಬೆರಳಿನಿಂದ ಮೀಟುವುದು. ಕೊಳಲಿಲ್ಲ, ಕಹಳೆಯಿಲ್ಲ; ವಾದ್ಯವೃಂದದ ತಂತಿವಾದ್ಯಗಳೆಲ್ಲ ಮೊದಲಿನಿಂದ ಕೊನೆಯವರೆಗೆ ಮೀಟುತ್ತಲೇ ಇರುತ್ತವೆ.

ಮೀಟು ನಮಗೆ ಹೊಸದಲ್ಲ, ವೀಣೆಯ ನಾಡು ನಮ್ಮದು. ಆದರೆ ವೀಣೆಯ ತಂತಿ ಲೋಹದ ಮೆಟ್ಟಿಲ ಮೇಲೆ ನಿಲ್ಲುವುದರಿಂದ ನಾದ ಉಳಿಯುತ್ತದೆ. ಉಳಿದ ನಾದವನ್ನೇ ಎಳೆದು ವೈಣಿಕರು ಗಮಕ ಮಾಡುತ್ತಾರೆ. ಪಿಟೀಲಿಗೆ ಮೆಟ್ಟಿಲಿಲ್ಲ. ತಂತಿಯನ್ನು ಒತ್ತಿದ ಮೆತ್ತನೆಯ ಬೆರಳೇ ಕಂಪನವನ್ನು ನುಂಗಿಬಿಡುತ್ತದೆ. ಸ್ವರ ಹುಟ್ಟಿತೋ ಇಲ್ಲವೋ ಆರಿತು. ತಿರುಮಕೂಡಲಿನ ಚೌಡಯ್ಯನವರು ಪಿಟೀಲಿನ ಧ್ವನಿ ಸಾಲದೆಂದು ಏಳು ತಂತಿ ಕಟ್ಟಿಕೊಂಡರು. ಈ ಪೋಲ್ಕಾ ಬರೆದವರಾದರೋ ಸಾಲದ ಧ್ವನಿಯನ್ನೇ ಬೇಕೆಂದು ಆರಿಸಿಕೊಂಡರು.

ಬರೆದವರು ಅಣ್ಣತಮ್ಮಂದಿರು: ಯೋಹಾನ್ ಸ್ಟ್ರಾಸ್ ಮತ್ತು ಯೋಸೆಫ್ ಸ್ಟ್ರಾಸ್. ಅಣ್ಣ ಲೋಕಪ್ರಸಿದ್ಧರು, ತಮ್ಮ ಎಂಜಿನಿಯರಾಗಿ ಕಲಿತು ಸಂಗೀತಕ್ಕೆ ಬಂದವರು. ರಷ್ಯದ ಪಾವ್ಲೋವ್‌ಸ್ಕ್‌ನಲ್ಲಿ ರೈಲ್ವೆ ಕಂಪೆನಿಯವರು ಪ್ರಯಾಣಿಕರನ್ನು ಸೆಳೆಯಲು ನಿಲ್ದಾಣದಲ್ಲೇ ಕಚೇರಿ ಏರ್ಪಡಿಸುತ್ತಿದ್ದರು. ಅಲ್ಲಿಗಾಗಿ ಇಂಥದೊಂದು ಪೋಲ್ಕಾ ಬರೆಯೆಂದು ಅಣ್ಣ ಹೇಳಿದಾಗ ತಮ್ಮ ಹಿಂಜರಿದರಂತೆ. ಕೊನೆಗೆ ಇಬ್ಬರೂ ಕೂಡಿ ಬರೆದರು. ಕೇಳಿದವರು ಮತ್ತೆ ಮತ್ತೆ ನುಡಿಸಿರೆಂದರು. ಮರುವರ್ಷ ಜುಲೈಯಲ್ಲಿ ಯೋಸೆಫ್ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಮುಂದೆ 1892ರಲ್ಲಿ ಯೋಹಾನ್ ಇನ್ನೊಂದು ಮೀಟಿನ ಪೋಲ್ಕಾ ಬರೆದರು, ಒಬ್ಬರೇ.

ಇದು ನುಡಿಸಿದರೆ ಎರಡೂವರೆ ಮೂರು ನಿಮಿಷ. ಪಲುಕು ನಾಲ್ಕು ಹೆಜ್ಜೆ ಇಟ್ಟು, ಅನುಮಾನಿಸಿದಂತೆ ತಡೆದು, ಮತ್ತೆ ಸರಸರನೆ ಸಾಗುತ್ತದೆ. ಪಿಸುಮಾತಿನ ನಡುವೆ ತಟ್ಟನೆ ಒಂದು ಗಟ್ಟಿ ಮೀಟು. ಆ ತಡೆಯಲ್ಲಿ ಅರೆಕ್ಷಣ ಹೆಚ್ಚುಕಡಿಮೆಯಾದರೂ ಸೊಗಸು ಕೆಟ್ಟಿತು: ಹತ್ತಾರು ಬೆರಳು ಒಂದೇ ಬೆರಳಿನಂತೆ ಬೀಳಬೇಕು; ಕಮಾನಿನ ಎಳೆತದಲ್ಲಿ ತಪ್ಪು ಮುಚ್ಚಿಹೋಗುವಂತೆ ಇಲ್ಲಿ ಮುಚ್ಚಿಹೋಗದು.

ಹೊಸ ವರ್ಷದ ದಿನ ವಿಯನ್ನಾದ ಕಚೇರಿಯಲ್ಲಿ ಇದನ್ನು ಆಗಾಗ ನುಡಿಸುವುದುಂಟು. ರೇಡಿಯೋದಲ್ಲಿ ಎಂದಾದರೂ ಬಂದರೆ ಮನೆಯ ಮಾತುಕತೆಯನ್ನು ಮೂರು ನಿಮಿಷ ನಿಲ್ಲಿಸಿ. ಸ್ವರಗಳ ಜೊತೆಗೆ ನಡುವಿನ ಮೌನವನ್ನೂ ಆಲಿಸಿ. ಪೋಲ್ಕಾದ ಚೇಷ್ಟೆಯೆಲ್ಲ ಅಲ್ಲಿದೆ.