ಮಗಳು ಇನ್ನೂ ಓದುತ್ತಾಳಂತೆ
(ಎಗ್ಮೋರಿನಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ನಮ್ಮ ಹೋಟೆಲ್ ಮಿತ್ರರೊಬ್ಬರು ಕೇಳಿದರು: “ಮಗಳು ಎಂ.ಎಸ್‌ಸಿ. ಪಾಸಾದಳು. ಇನ್ನೂ ಓದುತ್ತಾಳಂತೆ. ಸಂಪಾದನೆ ಯಾವಾಗ, ಸ್ವಾಮಿ?” ಪ್ರಶ್ನೆ ನ್ಯಾಯವಾದದ್ದೇ.

ಈ ಊರಿನ ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರಲ್ಲಿ. ಜಪಾನಿನ ಟೋಕಿಯೋ ವಿಶ್ವವಿದ್ಯಾನಿಲಯ 1877ರಲ್ಲಿ. ವಯಸ್ಸಿನಲ್ಲಿ ನಾವೇ ಹಿರಿಯರು! ಆದರೆ ಬಹುಕಾಲ ಇಲ್ಲಿ ನಡೆದದ್ದು ಪರೀಕ್ಷೆ ನಡೆಸಿ ಪದವಿ ಹಂಚುವ ಕೆಲಸ. ಬೇರೆಯವರು ಕಂಡುಹಿಡಿದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಮುಗಿಯಿತು. ಏಷ್ಯದಲ್ಲಿ ಇಂದು ಹೆಸರಾದವು ಹೊಸದನ್ನು ಹುಡುಕುವುದನ್ನೇ ಕಸುಬು ಮಾಡಿಕೊಂಡ ವಿದ್ಯಾಲಯಗಳು.

ಅಂಥದೊಂದು ನಮ್ಮ ಬೆಂಗಳೂರಿನಲ್ಲೇ ಇದೆ: 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ. ಜಮಶೇಟ್‌ಜಿ ಟಾಟಾ ಹಣ ತೆಗೆದಿಟ್ಟರು, ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಊರವರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ. ಇನ್ನೊಂದು ತೀರ ಹತ್ತಿರ. ಎಗ್ಮೋರಿನಲ್ಲಿ ಲೋಕಲ್ ರೈಲು ಹತ್ತಿ ಗಿಂಡಿಯಲ್ಲಿ ಇಳಿದರೆ 1959ರಲ್ಲಿ ಆರಂಭವಾದ ಐ.ಐ.ಟಿ.

ಇಲ್ಲಿ ಸಂಶೋಧನೆ ಮಾಡುವವರು ಮನೆಯಿಂದ ದುಡ್ಡು ತರಿಸಿ ಓದಬೇಕಾಗಿಲ್ಲ. ಇದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ವೇತನ. ಎರಡು ವರ್ಷದ ಮೇಲೆ 42,000. ಪರೀಕ್ಷೆ ಸುಲಭವಲ್ಲ, ಹಣ ತಡವಾಗಿ ಕೈಸೇರುವುದೂ ಉಂಟು. ಆ ಮಾತನ್ನು ಮುಚ್ಚಿಡಲಾರೆ.

ಮಿತ್ರರಿಗೆ ನಾನು ಇಷ್ಟೇ ಹೇಳಿದೆ: ಹುಡುಗಿ ಒಮ್ಮೆ ಪರೀಕ್ಷೆಗೆ ಕೂರಲಿ. ಅರ್ಜಿ ತುಂಬಲು ತಿಳಿಯದಿದ್ದರೆ, ನಿಮ್ಮ ರಜೆಯ ದಿನ ಸಂಘದ ಕೋಣೆಗೆ ಕರೆದುಕೊಂಡು ಬನ್ನಿ.