ಜಾತ್ರೆ ಮುಗಿದ ಮೇಲೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಜಾತ್ರೆಗೆ ಹೋದ್ರೂ ಬಲೂನಿಗೆ ಗುರಿ ಇಡೋ ಅಂಗಡಿ ಮುಂದೆ ಹುಡುಗರು ಮುತ್ತಿಕೊಂಡಿರ್ತಾರೆ. ಆಸೆ ಸತ್ತಿಲ್ಲ ಸ್ವಾಮಿ. ಆದ್ರೆ ಜಾತ್ರೆ ಮುಗಿದ ಮೇಲೆ ಆ ಹುಡುಗ ಎಲ್ಲಿಗೆ ಹೋಗಬೇಕು?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ 6 ಪದಕಗಳಲ್ಲಿ 3 ಶೂಟಿಂಗ್‌ನವು. ಆವತ್ತು ನಾನೂ ಸ್ಟುಡಿಯೋದಲ್ಲಿ ಕೂಗಾಡಿದೆ. ವಾರದಲ್ಲಿ ಮರೆತೆ. 2022ರ ಕಾಮನ್‌ವೆಲ್ತ್ ಕೂಟದಿಂದ ಶೂಟಿಂಗನ್ನೇ ಕೈಬಿಟ್ಟಾಗಲೂ ನಾವು ಗಟ್ಟಿಯಾಗಿ ಕೇಳಲಿಲ್ಲ. ತಪ್ಪು ನನ್ನದೂ ಇದೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಮರುವರ್ಷವೇ ಗ್ಲಾಸ್ಗೋದಲ್ಲಿ ಬೆಳ್ಳಿ ಗೆದ್ದರು. ಅವರ ಅಪ್ಪನೂ ಶೂಟರ್. ಬಿದ್ದಾಗ ಎಬ್ಬಿಸೋಕೆ ಮನೆಯಲ್ಲೇ ಆಟ ಬಲ್ಲವರಿದ್ದರು. ಮಾಲೂರಿನ ಹುಡುಗಿಗೆ ಯಾರಿದ್ದಾರೆ?

ರೈಫಲ್ ದುಬಾರಿ, ಒಪ್ಪಿದೆ. ಹಾಗಂತ ಮನೆಗೊಂದು ಬೇಡ. ತಾಲ್ಲೂಕಿಗೆ ನಾಲ್ಕು ಏರ್ ರೈಫಲ್, ಒಬ್ಬ ಖಾಯಂ ತರಬೇತುದಾರ, ಹತ್ತು ಮೀಟರ್ ಗುರಿದೂರಕ್ಕೆ ಸಾಲುವ ಒಂದು ಶಾಲಾ ಸಭಾಂಗಣ. ತಿಂಗಳಿಗೊಂದು ಸಣ್ಣ ಪಂದ್ಯ. ಮೊದಲ ದಿನ ಹುಡುಗರು ಕುತೂಹಲಕ್ಕೆ ಬರ್ತಾರೆ. ಎರಡನೇ ತಿಂಗಳೂ ಬರಬೇಕಾದ್ರೆ ಹೆಸರು ಹಿಡಿದು ಕರೆಯೋ ಒಬ್ಬ ಮೇಷ್ಟ್ರು ಬೇಕು.

ಪದಕ ಬಂದಾಗ ಹಾರ ಹಿಡಿದು ಓಡೋ ನಾಯಕರೇ, ಕ್ಯಾಮೆರಾ ಹಿಡಿದು ಓಡೋ ನಾವೇ, ಅದಕ್ಕೂ ಮುಂಚೆ ಒಮ್ಮೆ ಬರೋಣವಾ?